ಮಿಕ್ಕ ಮಾತ್ರೆಗಳು

ಕಿಣತ್ತುಕಡವಿನ ನೇಕಾರರ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ತಟ್ಟುತ್ತಿದ್ದುದು ರಾಮಾಯಿಯ ಬಾಗಿಲು. ತುಂಡು ನೂಲನ್ನೂ ಗಂಟು ಹಾಕಿ ನೇಯುವ ಮನೆಯವಳು. ಡಾಕ್ಟರು ಐದು ದಿನಕ್ಕೆ ಬರೆದ ಮಾತ್ರೆಯನ್ನು ಎರಡು ದಿನ ನುಂಗಿ, ಜ್ವರ ಬಿಟ್ಟೊಡನೆ ಮಿಕ್ಕದ್ದನ್ನು ಡಬ್ಬದಲ್ಲಿ ಎತ್ತಿಡುವಳು. ಪಕ್ಕದ ಮಾರಿಮುತ್ತುವಿನ ಆಡಿಗೂ ಒಮ್ಮೆ ಅರ್ಧ ಮಾತ್ರೆ ಸಂದಿತ್ತು.

ಈಗ ಅವಳ ಬಲಗೈ ಹೆಬ್ಬೆರಳೇ ಗುಂಡು ಬದನೆಕಾಯಿಯಂತೆ ಊದಿ ಕೀವು ಕಟ್ಟಿತ್ತು. ಡಬ್ಬದಲ್ಲಿದ್ದ ಮೂರು ಬಣ್ಣದ ಮಾತ್ರೆಗಳೂ ಅದರ ಮುಂದೆ ಸೋತಿದ್ದವು. ಮಗ್ಗದ ಮೇಲೆ ಮೊಮ್ಮಗಳು ನಿತ್ಯಾಳ ಮುಹೂರ್ತದ ಸೀರೆ, ಇನ್ನೂ ನಾಲ್ಕು ಮೊಳ ಬಾಕಿ. ಮದುವೆಗೆ ಉಳಿದಿದ್ದು ಎಂಟೇ ದಿನ. ಮದುಮಗಳ ಸೀರೆಯನ್ನು ಶುರು ಮಾಡಿದವರೇ ಮುಗಿಸಬೇಕು ಎಂಬುದು ಆ ಮನೆಯ ಪದ್ಧತಿ. ಗಂಡ ಶಿವಲಿಂಗಂ ಲಾಳಿಯ ಹತ್ತಿರ ಸುಳಿದರೂ ರಾಮಾಯಿ ಗದರುತ್ತಿದ್ದಳು.

ನಿತ್ಯಾ ಪೋತ್ತನೂರಿನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದವಳು. ಕೀವನ್ನು ಪರೀಕ್ಷೆಗೆ ಒಯ್ದಿದ್ದಳು. ಅಂದು ಚೀಟಿ ಹಿಡಿದು, ನಗು ತಡೆಯಲಾರದೆ ಬಂದಳು.

"ಅಜ್ಜಿ, ನಿನ್ ಡಬ್ಬದ ಮದ್ದು ಮೂರನ್ನೂ ನಿನ್ ಕ್ರಿಮಿ ನಡುವೆ ಇಟ್ಟು ನೋಡ್ದೆ. ಒಂದೂ ಸಾಯ್ಲಿಲ್ಲ. ಸುತ್ತ ಕೂತು ಊಟ ಮಾಡ್ದಂಗೆ ಬೆಳ್ದವೆ!"

"ಮುಂಚೆ ಇವಕ್ಕೇ ಜ್ವರ ಇಳೀತಿತ್ತಲ್ಲ, ನನ್ ಕಣ್ಣೇ?"

"ಎರಡು ದಿನಕ್ಕೆ ಬಡಕ್ಲು ಕ್ರಿಮಿ ಸಾಯ್ತವೆ, ಜ್ವರ ಇಳೀತದೆ. ನಾಲ್ಕು ಗಟ್ಟಿ ಪಿಂಡ ಉಳ್ಕೋತವೆ. ನೀನು ಮಾತ್ರೆ ಎತ್ತಿಟ್ಟೆ, ಅವು ಮಕ್ಳು ಮರಿ ಮಾಡ್ಕೊಂಡ್ವು. ಹುಟ್ಟಿದ್ದೆಲ್ಲ ಗಟ್ಟಿ ಪಿಂಡಾನೇ."

"ಅಯ್ಯೋ, ನಾನೇ ಸಾಕಿದ್ನಾ?"

"ಸಾಕಿ ಬೀದಿಗೆಲ್ಲ ಹಂಚ್ದೆ," ಎಂದ ಶಿವಲಿಂಗಂ. "ಮಾರಿಮುತ್ತು ಆಡು ಈಗ ಹೊಟ್ಟೇಲಿ ಪೈಲ್ವಾನ್ರನ್ನ ಹೊತ್ಕೊಂಡು ತಿರುಗ್ತಿರ್ಬೇಕು!"

ಬೇರೆ ಮದ್ದಿನ ಊಸಿ ಚುಚ್ಚಿಸಿಕೊಳ್ಳಬೇಕು, ದಿನಕ್ಕೊಂದರಂತೆ ಏಳು ದಿನ. ಮುಗಿಯುವವರೆಗೆ ಕೈ ಆಡಿಸಕೂಡದು. ನಡುವೆ ಬಿಟ್ಟರೆ ಬೆರಳೇ ಹೋದೀತು ಎಂದು ಡಾಕ್ಟರು ಹೇಳಿದರು.

ಮೂರನೆಯ ಊಸಿಗೇ ನೋವು ಮಾಯ. ರಾಮಾಯಿ ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟಳು. "ಸಾಕು! ಮಿಕ್ಕ ನಾಲ್ಕನ್ನ ಮಾರಿಮುತ್ತು ಹಲ್‌ನೋವಿಗೆ ಹಾಕ್ಸು, ನಾನು ಮಗ್ಗಕ್ಕೆ ಹೊಂಟೆ."

"ಅಜ್ಜಿ!" ನಿತ್ಯಾ ಈ ಸಲ ನಗಲಿಲ್ಲ. "ಸೀರೆ ಇಲ್ದಿದ್ರೂ ಮದ್ವೆ ಆಗ್ತೀನಿ. ನಿನ್ ಕೈ ಇಲ್ದೆ ಆಗಲ್ಲ."

ರಾಮಾಯಿ ಎಡಗೈಯಲ್ಲಿ ಸೀರೆಯ ಅಂಚನ್ನು ಸವರಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಶುರು ಮಾಡ್ದೋರು ಮುಗಿಸ್ಬೇಕು ಅಂದ್ರು, ಕೈಲೇ ಅಂತ ಯಾರೂ ಅನ್ಲಿಲ್ಲ. ಕಾಲು ನಂದು. ಕೈ ನಿಮ್ದು. ಇಳೀರಿ!"

ಒಬ್ಬರಿಗೆಂದು ತೋಡಿದ ಮಗ್ಗದ ಗುಂಡಿಯಲ್ಲಿ ಇಬ್ಬರು. ತುಳಿಯುವುದು ಅವಳು, ಲಾಳಿ ಎಳೆಯುವುದು ಅವನು. ಅವಳು ಒಂದು ತುಳಿದರೆ ಇವನು ಎರಡೆಳೆದ. ನೂಲು ಕಡಿಯಿತು, ಜಗಳವಾಯಿತು, ನಗು ಬಂದು ತುಳಿತ ತಪ್ಪಿತು. ಕಿಟಕಿಯಲ್ಲಿ ಬೀದಿಯೇ ನೆರೆಯಿತು.

"ಮದ್ವೆ ಯಾರಿಗ್ರೀ, ಮೊಮ್ಮಗಳಿಗೋ ನಿಮ್ಗೋ?" ಎಂದು ಕೂಗಿದ ಮಾರಿಮುತ್ತು.

ಆರನೆಯ ದಿನ ಸೀರೆ ಮಗ್ಗದಿಂದ ಇಳಿಯಿತು. ಏಳನೆಯ ದಿನ ನೋವಿರಲಿಲ್ಲ, ನೇಯುವುದಕ್ಕೂ ಏನಿರಲಿಲ್ಲ. ಆದರೂ ಊಸಿಗೆ ಹೋಗುವ ಬಸ್ಸಿಗೆ ಎಲ್ಲರಿಗಿಂತ ಮುಂಚೆ ನಿಂತಿದ್ದವಳು ರಾಮಾಯಿ.

"ಬೇಗ ಬನ್ನೀಂದ್ರೆ! ಈ ಕೊನೇದು ತಪ್ಪಿದ್ರೆ, ಉಳ್ದ ಕ್ರಿಮಿಗಳೆಲ್ಲ ಬೀಗರಂಗೆ ಮದ್ವೆ ಪಂಕ್ತೀಲಿ ಬಂದು ಕೂತ್ಕೋತವೆ!"