ಹಲೆಫೊಮ್‌ನ ಇನ್ನೊಂದು ಹೆಸರು

ಸಮಸ್ತ ಲೋಕಕ್ಕೂ ಈ ಮೂಲಕ ತಿಳಿಯಪಡಿಸೋದೇನೆಂದರೆ, ಲೆಮ್ಲೆಮ್ ಎಂಬ ಹೆಸರಿನವಳಾದ ನನ್ನ ಎಡಗಾಲಿನ ಹೆಬ್ಬೆರಳಿಗೆ ಈಗಷ್ಟೇ ಬಂಡೆಯಲ್ಲಿ ಒಂದು ಗುಳಿ ಸಿಕ್ಕಿದೆ, ಡಂಗುರ ಹೊಡೀರಿ, ನೂರಾರು ವರ್ಷದಿಂದ ಯಾರ್ಯಾರದೋ ಬರಿಗಾಲು ತಿಕ್ಕಿ ತಿಕ್ಕಿ ಆದ ಗುಳಿ, ಬಿಸಿಲಿಗೆ ಕಾದು ರೊಟ್ಟಿ ಹೆಂಚಿನ ಹಾಗಿದೆ, ಇನ್ನು ಬಲಗಾಲಿಂದೇನು ಕಥೆಯೋ — ಹತ್ತಿ ಅತ್ತಿಗೆ ಹತ್ತಿ, ಮೇಲಿಂದ ಹಿಲುಫ್ ಚರ್ಮದ ಹಗ್ಗ ಎಳೀತಾ ಕೂಗ್ತಾನೆ, ಗಂಡನ ತಮ್ಮ, ಹತ್ತೋಕೆ ನಂಗೇನು ಹತ್ತು ವರ್ಷವೇನೋ, ಐವತ್ತೇಳು ಕಣೋ, ಈ ಬಂಡೆಗೂ ನಂಗೂ ಭಂಡತನದಲ್ಲಿ ಪೈಪೋಟಿ ಇರೋದರಿಂದ ಹತ್ತುತಿದ್ದೀನಿ ಅಷ್ಟೆ — ಕೆಳಗೆ ನೋಡ್ಬೇಡಿ ಅತ್ತಿಗೆ — ನೋಡಿದೆ, ನಮ್ಮೂರು ಚೆಲ್ಲಿದ ಕಾಳಿನ ಹಾಗೆ ಕಾಣುತ್ತೆ, ಅಲ್ಲೇ ಎಲ್ಲೋ ನನ್ನ ಗಂಡನ ಗುಂಡಿ, ನಲವತ್ತು ದಿನದ ಹಸಿ ಮಣ್ಣು. ಬೆನ್ನಿಗೆ ಬಿಳಿ ಶಾಲಲ್ಲಿ ಕಟ್ಟಿದ ರೊಟ್ಟಿ, ಧೂಪ, ಮೇಣದ ಬತ್ತಿ, ಕೂಸಿನ ಹಾಗೆ ಜಗ್ಗುತ್ತೆ. ಕೂಸು ಅಂದ್ರೆ ಹಲೆಫೊಮ್‌ನ ಕೆಲಸವೇ ಅದು, ಮೂವತ್ತು ವರ್ಷ ಈ ಹಗ್ಗ ಹಿಡಿದಿದ್ದ ನನ್ನ ಗಂಡ, ದೀಕ್ಷಾಸ್ನಾನಕ್ಕೆ, ನಾಮಕರಣಕ್ಕೆ ಬಂದ ಊರಿನ ಮಕ್ಕಳನ್ನೆಲ್ಲ ಎದೆಗೆ ಕಟ್ಟಿಕೊಂಡು ಈ ಗೋಡೆ ಹತ್ತಿಸ್ತಿದ್ದ, ಒಂದು ಕೂಸೂ ಜಾರಲಿಲ್ಲ, ಒಂದು ಮಾತೂ ಜಾರಲಿಲ್ಲ, ಮೇಲೆ ಪಾದ್ರಿ ಯಾವ ಮಗುವಿನ ಕಿವಿಗೆ ಯಾವ ಹೆಸರು ಹಾಕಿದರು ಅನ್ನೋದು ಅವನ ಹೊಟ್ಟೆಯಲ್ಲೇ ಉಳೀತಿತ್ತು, ನಿಂದೇನು ಹೆಸರು ಹೇಳೋ ಅಂತ ಮದುವೆಯಾದ ಹೊಸದರಲ್ಲಿ ಪೀಡಿಸಿದ್ದೆ, ದೀಕ್ಷೆಯ ಹೆಸರು ಹೊರಗೆ ಬಿದ್ದರೆ ಮಾಟ ಮಾಡ್ತಾರೆ ಅಂದ, ನಾನು ಮಾಟ ಮಾಡ್ತೀನೇನೋ, ನೀನು ಮಾಡೋ ಸಾರೇ ಸಾಕು ಬಿಡು ಅಂದ, ಕಟುಕ, ಆಮೇಲೆ ಮೂರು ಬಟ್ಟಲು ಅದೇ ಸಾರು ಕುಡಿದ. ಅವನು ಜ್ವರಕ್ಕೆ ತೀರಿಕೊಂಡ ವಾರ ಊರ ತುಂಬ ಬಂದೂಕಿನ ಸದ್ದು, ಗಂಟೆ ಬಾರಿಸೋ ಹಾಗಿಲ್ಲ, ಅವನ ಪಾಪನಿವೇದನೆ ಕೇಳ್ತಿದ್ದ ಮುದುಕ ಪಾದ್ರಿನೂ ಅದೇ ಗಲಾಟೆಯಲ್ಲಿ ಹೋದರು, ನಾನೂ ಹಿಲುಫೂ ಕತ್ತಲಾಗೋ ಮುಂಚೆ ಅವಸರಕ್ಕೆ ಮಣ್ಣೆಳೆದ್ವಿ, ಒಂದು ಸಾಲು ಪ್ರಾರ್ಥನೆ ಇಲ್ಲ, ಆಡು ಹೂತ ಹಾಗೆ ಹೂತ್ವಿ ಅವನನ್ನ. ಅದಕ್ಕೇ ಇವತ್ತು, ನಲವತ್ತನೇ ದಿನ, ನನ್ನ ಮಹಾ ಯೋಜನೆ ಏನಪ್ಪಾ ಅಂದ್ರೆ, ಅವನು ಸವೆಸಿದ ಇದೇ ಗೋಡೆ ಹತ್ತಿ, ಬಂಡೆಯ ಹೊಟ್ಟೆ ಕೊರೆದು ಮಾಡಿದ ಆ ಗುಡಿಯಲ್ಲೇ ಅವನ ಹೆಸರು ಕೂಗಿಸೋದು, ಅರ್ಧ ದಾರಿ ನಾವೇ ಹತ್ತಿರ್ತೀವಿ, ಉಳಿದರ್ಧ ದೇವರು ಇಳಿದು ಬಂದರಾಯ್ತು.

ಒಳಗೆ ತಂಪು. ಧೂಪ, ಬಾವಲಿ, ಹಳೇ ಮೇಣ, ಮೂರೂ ವಾಸನೆ ಒಟ್ಟಿಗೆ, ಮೇಲೆ ಬೋಗುಣಿ ಕವುಚಿದ ಹಾಗಿರೋ ಸೂರಿಂದ ಬಣ್ಣದಲ್ಲಿ ಬರೆದ ಸಂತರು ಕಣ್ಣು ಬಿಟ್ಟುಕೊಂಡು ನೋಡ್ತಾರೆ, ಬಂದ್ಯಾ ಲೆಮ್ಲೆಮ್, ಉಸ್ಸಪ್ಪಾ ಬಂದೆ, ಹೊಸ ಪಾದ್ರಿ ಹಾಫ್ತು, ಪಾದ್ರಿಗೆ ನಾವು ಕೆಶಿ ಅನ್ನೋದು, ಗಡ್ಡ ಇನ್ನೂ ಪೂರ್ತಿ ಕೂಡಿಲ್ಲ, ಆಚೆ ಕಣಿವೆಯವರು, ನಮ್ಮ ಯಾರ ಮುಖವೂ ಗೊತ್ತಿಲ್ಲ, ಕೊಟ್ಟ ಶಿಲುಬೆಗೆ ಮುತ್ತಿಟ್ಟೆ, ರೊಟ್ಟಿ ಹರಸಿದರು, ಬತ್ತಿ ಹಚ್ಚಿದರು, ತೊಗಲಿನ ಪುಸ್ತಕ ಬಿಡಿಸಿದರು, ಹಿಲುಫ್ ಮೂಲೆಯಲ್ಲಿ ಮೂಗೊರೆಸಿಕೊಂಡ, ಕೆಶಿ ರಾಗ ತೆಗೆದು ಓದ್ತಾ ಹೋದರು, ಏನು ಗಂಟಲು, ನನ್ನ ಎದೆ ಮೇಲಿಂದ ನಲವತ್ತು ದಿನದ ಕಲ್ಲು ಅಲ್ಲಾಡ್ತು, ಎದ್ದೇ ಬಿಡ್ತು ಅಂದುಕೊಂಡೆ, ಆಗ ನಿನ್ನ ಸೇವಕನಾದ ಅನ್ನೋ ಮಾತಿಗೆ ಬಂದು ನಿಂತರು, ಬಾಯಿ ತೆರೆದು ನನ್ನ ಕಡೆ ನೋಡಿದರು. ಹಲೆಫೊಮ್, ಅಂದೆ. ಅದಲ್ಲ ತಾಯಿ, ದೀಕ್ಷೆಯ ಹೆಸರು. ಅದು ಗೊತ್ತಿಲ್ಲ ಸ್ವಾಮಿ. ಹೆಂಡತಿಗೇ ಗೊತ್ತಿಲ್ವಾ? ಹೆಂಡತಿಗೇ ಹೇಳಬಾರದು ಅಂತಿದ್ದ ಸ್ವಾಮಿ. ತಮ್ಮನಿಗೆ? ಹಿಲುಫ್ ತಲೆ ಅಲ್ಲಾಡಿಸಿದ, ಅವ್ವನಿಗೆ ಗೊತ್ತಿತ್ತು, ಅವ್ವ ಇಲ್ಲ, ದೀಕ್ಷೆಗೆ ಕೈಹಿಡಿದ ಧರ್ಮತಂದೆಗೆ ಗೊತ್ತಿತ್ತು, ಅವರೂ ಇಲ್ಲ, ಹಳೇ ಪಾದ್ರಿ — ಅವರಂತೂ ಇಲ್ಲ. ದೇವರಿಗೆ ಗೊತ್ತಿರಲ್ವಾ ಸ್ವಾಮಿ, ಈ ಗೋಡೆಯಲ್ಲಿ ದಿನಾ ನೋಡ್ತಿದ್ದನಲ್ಲ ಅವನನ್ನ? ದೇವರಿಗೆ ಗೊತ್ತು ತಾಯಿ, ನನಗೆ ಗೊತ್ತಿರಬೇಕಲ್ಲ, ಹಲೆಫೊಮ್ ಅನ್ನೋದು ಕೆಳಗಿನ ಹೆಸರು, ಮೇಲೆ ಆ ಹೆಸರಲ್ಲಿ ಕೂಗಿದರೆ ಅವರು ತಿರುಗಿ ನೋಡಲ್ಲ. ಬದುಕಿದ್ದಾಗಲೂ ಮೂರನೇ ಸಲಕ್ಕೇ ತಿರುಗ್ತಿದ್ದ ಸ್ವಾಮಿ, ನೀವು ಕೂಗಿ. ನಗಲಿಲ್ಲ. ಹಾಗಾದರೆ ಗೆಬ್ರೆ ಮಿಕಾಯೆಲ್ ಅನ್ನಿ, ವೊಲ್ದೆ ಗಿಯೋರ್ಗಿಸ್ ಅನ್ನಿ, ಗಂಡಸರಿಗೆಲ್ಲ ಅದೇ ತಾನೆ ಇಡೋದು, ಯಾವುದಾದರೂ ಒಂದು ತಗಲುತ್ತೆ. ಊಹೆ ಮಾಡಿ ಓದೋಕಾಗಲ್ಲ ತಾಯಿ, ಇನ್ಯಾರದೋ ಆತ್ಮಕ್ಕೆ ಹೋಗುತ್ತೆ. ಅಂದರೆ ನನ್ನ ರೊಟ್ಟಿ ತಿಂದು ಇನ್ಯಾವಳದೋ ಗಂಡ ಸ್ವರ್ಗಕ್ಕೆ — ಪಾಪ, ಎಳೇ ಹುಡುಗ, ಅವರ ಕಣ್ಣಲ್ಲೂ ನೀರು, ನೆನಪು ಮಾಡ್ಕೊಳ್ಳಿ ತಾಯಿ, ಬತ್ತಿ ಉರಿದು ಮುಗಿಯೋ ತನಕ ಕಾಯ್ತೀನಿ, ಜ್ವರದಲ್ಲಾದರೂ, ಕೊನೇ ಗಳಿಗೆಯಲ್ಲಾದರೂ ಏನೂ ಹೇಳಲಿಲ್ವಾ ಅವರು?

ಕೊನೇ ಗಳಿಗೆ. ಕೊನೇ ಗಳಿಗೆಯಲ್ಲಿ ಏನಿತ್ತು, ಚಾಪೆ, ಬಾರ್ಲಿ ಗಂಜಿ, ಹೊರಗೆ ಸದ್ದು, ನಾಲ್ಕು ದಿನದಿಂದ ಅವನ ಹೊಟ್ಟೆಗೆ ಏನೂ ಹೋಗಿಲ್ಲ, ಸಿಟ್ಟು ನಂಗೆ, ಭಯಕ್ಕೆ ನಂಗೆ ಸಿಟ್ಟೇ ಬರೋದು, ಲೆಮ್ಲೆಮ್ ಹತ್ರ ಬಾ ಅಂದ, ಇಲ್ಲೇ ಇದ್ದೀನಲ್ಲ ಅಂದೆ, ಕಿವಿ ಕೊಡು, ನನ್ನ ಹೆಸರು, ಅಂದ — ನಿನ್ನ ಹೆಸರು ನಂಗೊತ್ತಿಲ್ವೇನೋ, ಸುಮ್ನೆ ಗಂಜಿ ಕುಡಿ ಅಂದೆ, ಅಲ್ಲ ಕಣೇ ಹೆಸರು, ಅಂತ ಮತ್ತೆ ಬಾಯಿ ತೆರೆದ, ತೆರೆದದ್ದೇ ತಡ ನಾನು ಚಮಚ ಹಾಕಿದೆ, ನುಂಗಿದ, ಆಹಾ ಜಾಣ ಅಂದೆ, ಮತ್ತೆ ತೆರೆದ, ಮತ್ತೆ ಹಾಕಿದೆ, ಇವತ್ತು ಆರು ಚಮಚ ಹೋಯ್ತು ಅಂತ ಹಿಲುಫ್‌ಗೆ ಕೂಗಿ ಹೇಳಿದೆ, ಖುಷಿಯಲ್ಲಿ — ಅತ್ತಿಗೆ, ಬತ್ತಿ ಮುಗೀತಿದೆ, ಅಂತಾನೆ ಹಿಲುಫ್ — ಬಾಯಿ ತೆರೆದ, ಚಮಚ ಹಾಕಿದೆ — ತಾಯಿ? — ತೆರೆದ, ನಾಲಿಗೆ ಮೇಲೆದ್ದಿತ್ತು, ಮೊದಲಕ್ಷರಕ್ಕೆ ಎದ್ದಿತ್ತು, ನಾನು ಚಮಚ