ಬಿಸಿಲಿಗೆ ಹೊದಿಸಿದ ದುಪ್ಪಟಿ

ಕೋಳಿ ಸಾಕುವ ಮೊಟ್ಟೆಯಕ್ಕನ ಅನುಮಾನದ ಮುಂದೆ ಪೊಲೀಸು ನಾಯಿಯೂ ಬಾಲ ಮುದುರಬೇಕು. ಹಾಲು ತೆಳ್ಳಗಿದ್ದರೆ ಹಸುವನ್ನೇ ನಿಲ್ಲಿಸಿ ವಿಚಾರಿಸುವವಳು ಅವಳು. ಅಂಥವಳ ಬೀದಿಯ ಮೂಲೆಗೆ ಕರೆಂಟಿನವರು ಆಳೆತ್ತರದ ಪೆಟ್ಟಿಗೆಯೊಂದನ್ನು ತಂದು ನಿಲ್ಲಿಸಿದರು.

"ದೊಡ್ಡ ಲೈನಿನ ಕರೆಂಟು ಹೋದ್ರೆ ಇದು ತಾನೇ ಈ ಬೀದೀನ ಅದರಿಂದ ಬೇರೆ ಮಾಡುತ್ತೆ," ಎಂದ ಲೈನ್‌ಮನ್. "ನಿಮ್ಮ ನಿಮ್ಮ ಚಾವಣಿ ಮೇಲಿನ ಸೋಲಾರ್ ಕರೆಂಟನ್ನ ಎಲ್ಲರಿಗೂ ಹಂಚುತ್ತೆ. ಯಾರೂ ಸ್ವಿಚ್ ಮುಟ್ಟೋ ಹಾಗಿಲ್ಲ."

"ಎಲ್ಲರಿಗೂ ಅಂದ್ರೆ? ಪಕ್ಕದ ಮನೆಗೂನಾ?"

ಪಕ್ಕದ ಮನೆಯಲ್ಲಿದ್ದವಳು ಓರಗಿತ್ತಿ, ಮೈದುನನ ಹೆಂಡತಿ, ಹೊಲಿಗೆಯವಳು. ಇಬ್ಬರದೂ ಎಣ್ಣೆ ಸೀಗೆಕಾಯಿ ನಂಟು. ತನ್ನ ಬಿಸಿಲಿನಲ್ಲಿ ಅವಳ ಹೊಲಿಗೆ ಯಂತ್ರ ಓಡುವುದೇ? ಪೆಟ್ಟಿಗೆಯ ಹಸಿರು ದೀಪ ಕಣ್ಣು ಮಿಟುಕಿಸುವುದೂ ಆ ಕಡೆಗೇ ಎಂದು ಮೊಟ್ಟೆಯಕ್ಕನಿಗೆ ಖಾತ್ರಿಯಾಯಿತು. ಸೀದಾ ಚಾವಣಿ ಹತ್ತಿ, ಸೋಲಾರ್ ಪ್ಯಾನೆಲ್‌ಗಳಿಗೆ ಆನೆಗೂ ಸಾಲುವಂಥ ಜಮಖಾನ ಹೊದಿಸಿ ಬಂದಳು.

ಮರುದಿನ ನಡುಹಗಲಲ್ಲೇ ದೊಡ್ಡ ಲೈನು ಹೋಯಿತು. ಪೆಟ್ಟಿಗೆ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಸುಮ್ಮನಾಯಿತು. ಇಡೀ ಬೀದಿಗೆ ಕರೆಂಟಿಲ್ಲ. ಮೊಟ್ಟೆಯಕ್ಕ ಮನೆಯೊಳಗೆ ಓಡಿದಳು. ಮರಿ ಮಾಡಿಸುವ ಕರೆಂಟಿನ ಕಾವುಪೆಟ್ಟಿಗೆಯಲ್ಲಿ ಒಂದು ಸೈನ್ಯಕ್ಕಾಗುವಷ್ಟು ಮೊಟ್ಟೆ. ಇವತ್ತೋ ನಾಳೆಯೋ ಒಡೆಯುವಂಥವು. ತಣ್ಣಗಾದರೆ ಒಂದು ಮರಿಯೂ ಉಳಿಯದು. ಕಂಬಳಿ ಮುಚ್ಚಿ ಬೀದಿಗೆ ಓಡಿದಳು. ಲೈನ್‌ಮನ್ ಆಗಲೇ ಪೆಟ್ಟಿಗೆಯ ಬಳಿ ಬಂದು ನಿಂತಿದ್ದ.

"ನಿನ್ನ ಡಬ್ಬ ಶುದ್ಧ ಸೋಂಬೇರಿ ಕಣೋ."

ಲೈನ್‌ಮನ್ ಪೆಟ್ಟಿಗೆಯ ಬಾಗಿಲು ತೆರೆದು ಇಣುಕಿದ. "ಡಬ್ಬಕ್ಕೇನೂ ಆಗಿಲ್ಲ ಅಕ್ಕ. ಬೀದೀಲಿ ದೊಡ್ಡ ಚಾವಣಿ ಅಂದ್ರೆ ನಿಮ್ದು, ಪಕ್ಕದ ಮನೇದು, ಎರಡೇ. ಎರಡರಿಂದಲೂ ಚಿಟಿಕೆಯಷ್ಟೂ ಕರೆಂಟ್ ಬರ್ತಿಲ್ಲ. ಉಳಿದಿದ್ದರಲ್ಲಿ ಬೀದಿ ನಡೆಯಲ್ಲ ಅಂತ ಕೈಬಿಟ್ಟಿದೆ."

ಎರಡರಿಂದಲೂ? ಮೊಟ್ಟೆಯಕ್ಕ ಮೆಟ್ಟಿಲು ಹಾರಿ ಹಾರಿ ಮೇಲೆ ಬಂದಳು. ಆಚೆ ಚಾವಣಿಯ ಪ್ಯಾನೆಲ್‌ಗಳೂ ಹೊದ್ದು ಮಲಗಿದ್ದವು. ಹೊದ್ದಿದ್ದು, ಹೋದ ವರ್ಷ ಹಗ್ಗದ ಮೇಲಿಂದ ಮಾಯವಾಗಿದ್ದ ಮೊಟ್ಟೆಯಕ್ಕನದೇ ಹೂವಿನ ದುಪ್ಪಟಿ. ಪಕ್ಕದಲ್ಲಿ ಹೊಲಿಗೆಯವಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನನ್ನ ಕರೆಂಟು ನಿಮ್ಮ ಕೋಳಿಗಳ ಪಾಲಾಗೋದು ಬೇಡ ಅಂತ," ಎಂದಳು.

"ತೆಗಿ ಅದನ್ನ."

"ನೀವು ದೊಡ್ಡೋರು. ನೀವೇ ಮೊದಲು ತೆಗೀರಿ."

ಬೇರೆ ದಿನವಾಗಿದ್ದರೆ ಮೊಟ್ಟೆಯಕ್ಕ ಪ್ರಳಯದವರೆಗೂ ಹಾಗೇ ನಿಲ್ಲುತ್ತಿದ್ದಳು. ಆದರೆ ಕೆಳಗೆ ಮೊಟ್ಟೆಗಳು ತಣ್ಣಗಾಗುತ್ತಿದ್ದವು. ಹಲ್ಲು ಕಚ್ಚಿ ಜಮಖಾನ ಎಳೆದಳು. ಆಚೆ ದುಪ್ಪಟಿಯೂ ಜಾರಿತು. ಬೀದಿ ಮೂಲೆಯಲ್ಲಿ ಪೆಟ್ಟಿಗೆ ಗುಂಯ್‌ಗುಟ್ಟಿತು.

ಕೆಳಗೆ ಬಂದು, ಕಾವುಪೆಟ್ಟಿಗೆಯ ಗಾಜಿಗೆ ಕೆನ್ನೆಯಾನಿಸಿ ಕಾದಳು. ಬಲ್ಬು ಹತ್ತಿತು. ಎಷ್ಟೋ ಹೊತ್ತಾದ ಮೇಲೆ ಒಂದು ಮೊಟ್ಟೆಯೊಳಗಿಂದ ಟಕ್ ಎಂದು ಸದ್ದಾಯಿತು.

"ಅಕ್ಕಾ, ಮರಿ ಉಳಿದ್ವಾ?" ಗೋಡೆಯಾಚೆಯಿಂದ ಓರಗಿತ್ತಿ ಕೂಗಿದಳು.

"ಉಳಿದ್ವು." ಮೊಟ್ಟೆಯಕ್ಕ ಉರಿಯುವ ಬಲ್ಬನ್ನು ಓರೆಗಣ್ಣಿನಿಂದ ನೋಡಿದಳು. ಇದು ಯಾರ ಮನೆಯ ಕರೆಂಟೋ? "ನನ್ನ ದುಪ್ಪಟಿ ಒಗೆದು ಕೊಡು."