ಶುಕ್ರವಾರದ ಪಾಠ

ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಕೀಬೋರ್ಡು ಒಗ್ಗಲಿಲ್ಲ. ಭಾಷೆಯ ಮೇಷ್ಟ್ರು ಒಂದೇ ಬೆರಳಿನಲ್ಲಿ ಅಕ್ಷರಕ್ಕೆ ತಡಕಾಡುತ್ತಿದ್ದರೆ ಏಳನೇ ತರಗತಿಯ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ವಾರಕ್ಕೊಂದು ಭಾಷಾ ಪಾಠ ಕಂಪ್ಯೂಟರ್ ಕೋಣೆಯಲ್ಲೇ ನಡೆಯಬೇಕು ಎಂದು ಹೆಡ್‌ಮೇಡಂ ಹೇಳಿದಾಗ ಮೊದಲು ಮೂಗು ಮುರಿದವರೂ ಇವರೇ.

ತಿಂಗಳು ಕಳೆಯುವುದರೊಳಗೆ ಅದೇ ಮೇಷ್ಟ್ರು ಊಟದ ಬಿಡುವಿನಲ್ಲೂ ಆ ಕೋಣೆ ಬಿಟ್ಟು ಕದಲದಾದರು.

"ಡಬ್ಬಿನಾದ್ರೂ ಬಿಚ್ಚಿ ಸರ್. ಒತ್ತಕ್ಷರ ಎಲ್ಲೂ ಓಡಿಹೋಗಲ್ಲ," ಎಂದರು ಕಂಪ್ಯೂಟರ್ ಮೇಡಂ.

ಮೇಷ್ಟ್ರು ಪರದೆಯಿಂದ ಕಣ್ಣು ತೆಗೆಯದೆ, "ನನ್ನ ಮಗಳು ನಮ್ಮ ಮಾತು ಮರೀತಿದ್ದಾಳೆ ಮೇಡಂ," ಎಂದರು.

ಗಂಡ ಹೆಂಡಿರು ಬೇರೆಯಾಗಿ ಆರು ವರ್ಷ. ಮಗಳು ತಾಯಿಯ ಜೊತೆ ದೂರದ ದೇಶದಲ್ಲಿದ್ದಳು. ಶಾಲೆಯಲ್ಲೂ ಮನೆಯಲ್ಲೂ ಅಲ್ಲಿನ ಭಾಷೆಯೇ. ಎಂಟರ ವಯಸ್ಸಿನಲ್ಲಿ ಅಪ್ಪನ ಹೆಗಲೇರಿ ಅರಳು ಹುರಿದಂತೆ ಮಾತಾಡುತ್ತಿದ್ದವಳು ಈಗ ಭಾನುವಾರದ ಫೋನಿನಲ್ಲಿ ಎರಡು ಮಾತಿಗೆ ನಿಲ್ಲಿಸುತ್ತಿದ್ದಳು.

"ಊಟ ಆಯ್ತಾ ಪುಟ್ಟಿ?"

"ಹೂಂ."

"ಮತ್ತೇನು ಸಮಾಚಾರ?"

"ಏನಿಲ್ಲ."

ಮಗಳಿಗೆ ಪುಟ್ಟ ವಿಡಿಯೊ ಪಾಠ ಕಳಿಸುವ ದಾರಿ ತೋರಿಸಿದವರು ಮೇಡಂ. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಬೇಕು, ಜೊತೆಗೆ ಮಕ್ಕಳ ದನಿ ಕೇಳಬೇಕು. ಮೇಷ್ಟ್ರು ಟೈಪು ಮಾಡಿದರು, ಮಕ್ಕಳು ಓದಿದರು. "ಅಕ್ಕಂಗೆ ಇವತ್ತು ಯಾವ ಪದ ಸರ್?" ಎಂದು ಕೇಳುವಷ್ಟು ಅವರಿಗೆ ಆ ಕಾಣದ ಹುಡುಗಿ ಹತ್ತಿರದವಳಾದಳು. ಶುಕ್ರವಾರಕ್ಕೊಂದು ಪಾಠ ಮಗಳ ಫೋನಿಗೆ ಹೊರಟಿತು. ನಾಲ್ಕು ತಿಂಗಳು ಆ ಪಾಠಗಳಿಗೆ ಉತ್ತರವಿಲ್ಲ.

"ನೋಡಿದ್ದಾಳೆ ಅಂತ ತೋರಿಸ್ತಿದೆಯಲ್ಲ ಸರ್," ಎಂದು ಮೇಡಂ ಸಮಾಧಾನ ಹೇಳಿದರು. ಸಂದೇಶದ ಕೆಳಗಿನ ಆ ಎರಡು ಪುಟ್ಟ ನೀಲಿ ಗೀಟುಗಳನ್ನು ಮೇಷ್ಟ್ರು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಫೋನು ಸದ್ದು ಮಾಡಿತು. 'ಅಪಾ, ಳ ಯಾಕೆ ಕಸ್ಟ?'

ತಪ್ಪು ಕಂಡರೆ ತಡೆದುಕೊಳ್ಳಲಾರದ ಮೇಷ್ಟ್ರು 'ಅಪ್ಪ' ಎಂದು ತಿದ್ದಲು ಹೊರಟು, ಬರೆದದ್ದನ್ನು ಅಳಿಸಿದರು. ಕೂಡಲೇ ಫೋನು ಮಾಡಿದರು.

"ನಾಲಿಗೆ ಮೇಲಕ್ಕೆ ಮಡಚು ಪುಟ್ಟಿ. ಹಾಂ, ಈಗ ಹೇಳು, ಮಗಳು."

"ಮಗಲು."

"ಇನ್ನೊಂದ್ಸಲ."

"ಮಗಲು... ಮಗರು... ಅಯ್ಯೋ ಅಪ್ಪ!" ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಎಂಟು ವರ್ಷದವಳದ್ದೇ.

ಹನ್ನೊಂದನೆಯ ಸಲಕ್ಕೆ ನಾಲಿಗೆ ಹೊರಳಿತು. "ಮಗಳು," ಎಂದಳು, ಮೆಲ್ಲಗೆ.

ರಜೆಗೆ ಬರ್ತೀಯಾ ಎಂಬ ಮಾತು ಮೇಷ್ಟ್ರ ಗಂಟಲವರೆಗೆ ಬಂತು. ಅಷ್ಟರಲ್ಲಿ ಆ ಕಡೆ ತಾಯಿಯ ಕರೆ ಕೇಳಿಸಿತು. "ಹೋಗ್ಬೇಕು ಅಪ್ಪ," ಎಂದು ಅವಳು ಫೋನಿಟ್ಟಳು.

ಆ ರಜೆಗೆ ಅವಳು ಬರಲಿಲ್ಲ. ಆದರೆ ಭಾನುವಾರದ ಮಾತು ಅರ್ಧ ಗಂಟೆಗೆ ಬೆಳೆಯಿತು. ಅವಳು ಪದ ಸಿಗದೆ ತಡವರಿಸಿದಾಗಲೆಲ್ಲ ಮೇಷ್ಟ್ರು ಆತುರಪಡದೆ ಕಾಯುತ್ತಿದ್ದರು, ಅವಳ ಉಸಿರಾಟ ಕೇಳಿಸಿಕೊಳ್ಳುತ್ತ.